ಬಣ್ಣಕ್ಕೆ ಅಂಟಿದ ಮರಳು

ರೇಡಿಯೊದಲ್ಲಿ ಹಾಡು ಕೇಳಿಸಬಹುದು, ಚಿತ್ರ ತೋರಿಸಲಾಗದು. ಹಾಗಾಗಿ ಈ ಸಲ ಒಂದು ಚಿತ್ರದ ಮಾತು ಈ ಪುಟದಲ್ಲಿ.

ಇಂಪ್ರೆಷನಿಸ್ಟ್ ಶೈಲಿಯ ಕಡಲತೀರದ ಚಿತ್ರ ನೋಡಿದಾಗ "ಇದೇನು, ಅರ್ಧಕ್ಕೇ ಬಿಟ್ಟಂತಿದೆಯಲ್ಲ!" ಅನ್ನಿಸಿದ್ದರೆ ಸಂಕೋಚಪಡಬೇಡಿ. ಅಂದಿನ ಪ್ಯಾರಿಸ್ಸಿನ ವಿಮರ್ಶಕರೂ ಅದನ್ನೇ ಅಂದಿದ್ದರು. ಆದರೆ ಆ 'ಅರ್ಧ'ದಲ್ಲೇ ಚಿತ್ರದ ಕಥೆಯಿದೆ.

ಕ್ಲೋಡ್ ಮೊನೆ 1870ರ ಬೇಸಿಗೆಯಲ್ಲಿ ಬರೆದ 'ಟ್ರೂವಿಲ್ ಕಡಲತೀರ'ವನ್ನೇ ತೆಗೆದುಕೊಳ್ಳಿ. ಟ್ರೂವಿಲ್ ಎಂದರೆ ಫ್ರಾನ್ಸಿನ ನಾರ್ಮಂಡಿಯ ಕರಾವಳಿಯ ಊರು, ಉಳ್ಳವರು ರಜೆ ಕಳೆಯಲು ಬರುತ್ತಿದ್ದ ಜಾಗ. ಚಿತ್ರ ದೊಡ್ಡದೇನಲ್ಲ, ಅಗಲ 46 ಸೆಂಟಿಮೀಟರಿಗೆ ಕೊಂಚ ಹೆಚ್ಚು, ಎತ್ತರ 38. ಎಡಕ್ಕೆ ಬಿಳಿ ಉಡುಪಿನ ಹೆಂಗಸು, ಬಲಕ್ಕೆ ಕಪ್ಪು ಉಡುಪಿನವಳು, ಇಬ್ಬರ ಕೈಯಲ್ಲೂ ಕೊಡೆ. ನಡುವೆ ಒಂದು ಖಾಲಿ ಕುರ್ಚಿ. ಹಿಂದೆ ಮರಳು, ಆಕಾಶ.

ಮೊದಲು ನಾಲ್ಕು ಹೆಜ್ಜೆ ದೂರದಿಂದ ನೋಡಿ. ಬಿಸಿಲು ಕಾಣುತ್ತದೆ, ಗಾಳಿಯೂ ಇದೆ ಅನ್ನಿಸುತ್ತದೆ. ಈಗ ಹತ್ತಿರ ಬನ್ನಿ. ಬಿಸಿಲೆಲ್ಲ ಮಾಯ! ಬಿಳಿ ಉಡುಪು ಅಂದುಕೊಂಡದ್ದು ಬ್ರಷ್ಷಿನ ಕೆಲವೇ ದಪ್ಪ ಗೀರು. ಕೊಡೆಯ ನೆರಳಲ್ಲಿರುವ ಮುಖದಲ್ಲಿ ಕಣ್ಣು ಮೂಗು ಸರಿಯಾಗಿ ಗೊತ್ತೇ ಆಗುವುದಿಲ್ಲ. ಬಿಸಿಲಿನಲ್ಲಿ ಎದುರಿಗೆ ಕೂತವರ ಮುಖ ನಮಗೆ ಕಾಣುವುದೂ ಹೀಗೇ ಅಲ್ಲವೇ? ಮರೀನಾದಲ್ಲೋ ಜುಹುವಿನಲ್ಲೋ ಒಮ್ಮೆ ಕಣ್ಣು ಕಿರಿದು ಮಾಡಿ ನೋಡಿ.

ಇಷ್ಟೊಂದು ಅವಸರವೇಕೆ? ತೈಲವರ್ಣಕ್ಕೆ ಸಾಮಾನ್ಯವಾಗಿ ಬಳಸುವುದು ಅಗಸೆ ಎಣ್ಣೆ, ಇಲ್ಲವೇ ಗಸಗಸೆ ಎಣ್ಣೆ. (ನಮ್ಮ ಕೊಬ್ಬರಿ ಎಣ್ಣೆ ನಡೆಯದು, ಅದು ಒಣಗುವುದೇ ಇಲ್ಲ.) ಅಗಸೆ ಎಣ್ಣೆಯಾದರೂ ಗಾಳಿ ತಾಗಿ ಒಣಗಲು ದಿನಗಟ್ಟಲೆ ಬೇಕು. ಬೆಳಕು ಅಷ್ಟು ಹೊತ್ತು ಕಾಯುತ್ತದೆಯೇ? ಹಾಗಾಗಿ ಹಸಿ ಬಣ್ಣದ ಮೇಲೇ ಹಸಿ ಬಣ್ಣ ಬಳಿಯಬೇಕು, ತಿದ್ದಿ ತೀಡುವ ಮಾತಿಲ್ಲ. 1841ರಲ್ಲಿ ಲೋಹದ ಟ್ಯೂಬು ಬಂದದ್ದರಿಂದ ಬಣ್ಣವನ್ನು ಚೀಲದಲ್ಲಿಟ್ಟುಕೊಂಡು ಬಯಲಿಗೆ ಹೋಗುವುದು ಸುಲಭವಾಗಿತ್ತು ಕೂಡ.

ಮೊನೆ ನಿಜಕ್ಕೂ ಅಲ್ಲೇ ಕೂತು ಬರೆದನೇ ಎಂದು ಕೇಳಿದರೆ, ಸಾಕ್ಷಿ ಚಿತ್ರದಲ್ಲೇ ಇದೆ. ಬಣ್ಣದೊಳಗೆ ಮರಳಿನ ಕಣಗಳು ಸಿಕ್ಕಿಕೊಂಡಿವೆ! ಗಾಳಿಗೆ ಹಾರಿ ಬಂದು ಹಸಿ ಬಣ್ಣಕ್ಕೆ ಅಂಟಿದ್ದು. ಯಾವ ಸಹಿಯೂ ಇಷ್ಟು ಹೇಳಲಾರದು ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ ಗೊತ್ತಾದರೆ ಚಿತ್ರ ಬೇರೆಯೇ ಆಗಿ ಕಾಣುತ್ತದೆ. ಬಿಳಿ ಉಡುಪಿನಾಕೆ ಮೊನೆಯ ಹೆಂಡತಿ ಕಮೀಲ್ ಎನ್ನುತ್ತಾರೆ. ಅವರ ಮದುವೆಯಾದದ್ದು 1870ರ ಜೂನ್ 28ರಂದು. ಆ ಹೊತ್ತಿಗಾಗಲೇ ಅವರ ಮಗ ಜಾನ್‌ಗೆ ಮೂರು ವರ್ಷ ಸಮೀಪಿಸಿತ್ತು. ಜುಲೈ 19ಕ್ಕೆ ಫ್ರಾನ್ಸ್ ಪ್ರಷ್ಯಾದ ಮೇಲೆ ಯುದ್ಧ ಸಾರಿತು. ಕೆಲವೇ ತಿಂಗಳಲ್ಲಿ ಸಂಸಾರ ಸಮೇತ ಮೊನೆ ಲಂಡನ್ನಿಗೆ ಹೋಗಿಬಿಟ್ಟ. ಅಂದರೆ ಈ ಬಿಸಿಲು ಬಹಳ ದಿನ ಉಳಿಯಲಿಲ್ಲ. ಚಿತ್ರದಲ್ಲಿ ಯುದ್ಧದ ಸುಳಿವೇ ಇಲ್ಲ, ಇಬ್ಬರು ಹೆಂಗಸರು ಮಾತ್ರ ಪರಸ್ಪರ ನೋಡದೆ ಕೂತಿದ್ದಾರೆ.

ಆ ಖಾಲಿ ಕುರ್ಚಿಗೆ ಏನೋ ಒಂದು ತೂಗುಹಾಕಿದೆ. ಒಣಗಲಿಟ್ಟ ಮಗುವಿನ ಬೂಟಿರಬಹುದು ಎಂದು ಕೆಲವರ ಊಹೆ. ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, ಇಂಟರ್ನೆಟ್ಟಿನಲ್ಲೂ ನೋಡಲು ಸಿಗುತ್ತದೆ. ದೊಡ್ಡದು ಮಾಡಿ ನೋಡಿ, ನಿಮಗೆ ಅದು ಬೂಟಿನಂತೆ ಕಂಡಿತೇ ಎಂದು ನಮಗೂ ಬರೆದು ತಿಳಿಸಿ.