ಬೀಡಿನಿಂದ ನೆಲೆವೀಡಿಗೆ ಎಷ್ಟು ವರ್ಷ?

ಕನ್ನಡದ ‘ಬೀಡು’ ಎಂಬ ಪದಕ್ಕೆ ಎರಡು ಮುಖ. ದಂಡು ದಾರಿಯಲ್ಲಿ ಡೇರೆ ಹೂಡಿದರೆ ಅದು ಬೀಡು ಬಿಟ್ಟಿತು ಎನ್ನುತ್ತೇವೆ. ತಲೆಮಾರುಗಳಿಂದ ಬಾಳಿದ ಮನೆತನದ ದೊಡ್ಡ ಮನೆಯೂ ಬೀಡೇ. ತಂಗುವುದಕ್ಕೂ ನೆಲೆಸುವುದಕ್ಕೂ ಒಂದೇ ಪದ ಗೊಂದಲವಾದೀತೆಂದೇ ಇರಬೇಕು, ಹಳೆಯ ಶಾಸನಗಳು ಅರಸನ ಖಾಯಂ ವಾಸಕ್ಕೆ ‘ನೆಲೆವೀಡು’ ಎಂಬ ಬೇರೆ ಮಾತನ್ನು ಬಳಸಿದವು. ಈ ಎರಡರ ನಡುವಿನ ಅಂತರವನ್ನು ಅಳೆಯಲು ಬೆಳಗಾವಿಯ ಕ್ಯಾಂಪಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 1818ರಲ್ಲಿ ಬ್ರಿಟಿಷರು ಬೆಳಗಾವಿಯ ಕೋಟೆಯನ್ನು ಗೆದ್ದ ಮೇಲೆ ದಂಡು ಇಳಿದ ಪ್ರದೇಶ ಇದು. ಇನ್ನೂರು ವರ್ಷ ಕಳೆದರೂ ಜನರ ಬಾಯಲ್ಲಿ ಅದು ಕ್ಯಾಂಪ್ ಆಗಿಯೇ ಉಳಿದಿದೆ. ಪಲ್ಟನ್ನುಗಳು ಬಂದವು, ನಾಲ್ಕಾರು ವರ್ಷ ಇದ್ದವು, ಎದ್ದು ಹೋದವು. ಆದರೆ ದಂಡಿನ ಬೆನ್ನಿಗೆ ಬಂದ ಕೆಲವರು ಏಳಲಿಲ್ಲ. 1856ರ ಸೇಂಟ್ ಪಾಲ್ಸ್ ಶಾಲೆ, 1869ರ ಸೇಂಟ್ ಮೇರೀಸ್ ಚರ್ಚು, ಊರಿನತ್ತ ಬಂದರೆ ಇಬ್ಬರು ಮಿಷನರಿಗಳ ಹೆಸರನ್ನು ಜೋಡಿಸಿಕೊಂಡ ಬೆನನ್ ಸ್ಮಿತ್ ಶಾಲೆ – ಇವೆಲ್ಲ ಬೀಡು ನೆಲೆವೀಡಾದ ಕುರುಹುಗಳು. ಪರದೇಶದಲ್ಲಿ ಧರ್ಮ ಹೇಳಲು ಹೊರಟ ತರುಣನ ಬದುಕನ್ನು ಅಳೆಯಬೇಕಾದ್ದು ಅವನ ಶ್ರದ್ಧೆಯಿಂದಲೋ ಶಿಸ್ತಿನಿಂದಲೋ ಅಲ್ಲ, ಅವನು ಎಷ್ಟು ಕಾಲ ಉಳಿದ ಎಂಬುದರಿಂದ ಎಂದು ಈ ಕುರುಹುಗಳು ಹೇಳುತ್ತವೆ.

ಶ್ರದ್ಧೆ ಮತ್ತು ಶಿಸ್ತಿನ ವಿಷಯದಲ್ಲಿ ಇಂದಿನ ಮಾರ್ಮನ್ ತರುಣರನ್ನು ಮೀರಿಸುವುದು ಕಷ್ಟ. 1830ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಪಂಥದ 70,000ಕ್ಕೂ ಹೆಚ್ಚು ಪೂರ್ಣಾವಧಿ ಮಿಷನರಿಗಳು ಇಂದು ಜಗತ್ತಿನಾದ್ಯಂತ ಇದ್ದಾರೆ. ಬಹುಪಾಲು ಇನ್ನೂ ಮೀಸೆ ಬಲಿಯದ ಹುಡುಗರು. ಹುಡುಗರು ಹೊರಡುವ ವಯಸ್ಸನ್ನು 2012ರಲ್ಲಿ ಹದಿನೆಂಟಕ್ಕೆ ಇಳಿಸಲಾಯಿತು. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷ. ಯಾವ ದೇಶಕ್ಕೆ ಹೋಗಬೇಕೆಂದು ಆರಿಸುವ ಹಕ್ಕು ಅವರಿಗಿಲ್ಲ, ಪತ್ರದಲ್ಲಿ ಬಂದ ಊರಿಗೆ ಹೋಗಬೇಕು. ಸಂಬಳವಿಲ್ಲ, ತಿಂಗಳ ಖರ್ಚಿಗೆ ತಮ್ಮ ಉಳಿತಾಯ ಇಲ್ಲವೇ ಮನೆಯವರೇ ದಿಕ್ಕು. ರೂಢಿಯ ದಿನಚರಿಯಲ್ಲಿ ಬೆಳಿಗ್ಗೆ ಆರೂವರೆಗೆ ಏಳುವುದು, ರಾತ್ರಿ ಹತ್ತೂವರೆಗೆ ದೀಪ ಆರಿಸುವುದು. ನಡುವೆ ಗ್ರಂಥಪಾಠ, ಭಾಷಾಪಾಠ, ಬಿಸಿಲಲ್ಲಿ ಓಡಾಟ, ಮುಚ್ಚಿದ ಬಾಗಿಲುಗಳು. ಬಿಳಿ ಅಂಗಿ, ಟೈ, ಎದೆಯ ಮೇಲೆ ಕರಿಯ ಹೆಸರುಪಟ್ಟಿ. ಅದರಲ್ಲಿ ಮನೆತನದ ಹೆಸರಿಗೆ ಮೊದಲು ‘ಎಲ್ಡರ್’ ಎಂಬ ಬಿರುದು. ನಮ್ಮ ಕಡೆ ‘ಹಿರ್ಯಾರು’ ಎನಿಸಿಕೊಳ್ಳಲು ತಲೆ ನರೆಯಬೇಕು, ನಾಲ್ಕು ಪಂಚಾಯಿತಿ ಬಗೆಹರಿಸಿರಬೇಕು. ಅಲ್ಲಿ ಹದಿನೆಂಟಕ್ಕೇ ಆ ಪಟ್ಟ. ಬಟ್ಟೆ ಒಗೆಯಲು, ಕಿರಾಣಿ ತರಲು ವಾರದಲ್ಲಿ ಒಂದು ದಿನ ಬಿಡುವು. ಹಿಂದೆ ವರ್ಷಕ್ಕೆ ಎರಡು ಸಲ ಮಾತ್ರ ಮನೆಗೆ ಫೋನು ಮಾಡಬಹುದಿತ್ತು, 2019ರಿಂದ ವಾರಕ್ಕೊಮ್ಮೆ ಮಾತಾಡಬಹುದು.

ಈ ದಿನಚರಿಯಲ್ಲಿ ಎರಡು ನಿಯಮಗಳನ್ನು ಹತ್ತಿರದಿಂದ ನೋಡಬೇಕು. ಒಂದು, ಜೊತೆಗಾರನ ನಿಯಮ. ಮಿಷನರಿ ಎಂದೂ ಒಂಟಿಯಾಗಿ ಇರುವಂತಿಲ್ಲ. ಸ್ನಾನದ ಕೋಣೆ ಬಿಟ್ಟರೆ ಉಳಿದೆಲ್ಲ ಕಡೆ ಇನ್ನೊಬ್ಬ ಮಿಷನರಿ ಕಣ್ಣಳತೆಯಲ್ಲಿರಬೇಕು. ಇನ್ನೊಂದು, ವರ್ಗಾವಣೆಯ ನಿಯಮ. ಸುಮಾರು ಆರು ವಾರಕ್ಕೊಮ್ಮೆ ಪಟ್ಟಿ ಬರುತ್ತದೆ, ಜೊತೆಗಾರ ಬದಲಾಗಬಹುದು, ಊರೂ ಬದಲಾಗಬಹುದು. ಹುಡುಗ ದಾರಿ ತಪ್ಪದಂತೆ, ಯಾರೊಂದಿಗೂ ಅತಿಯಾಗಿ ಅಂಟಿಕೊಳ್ಳದಂತೆ ಕಾಯಲು ಇವು ಬೇಕೇನೋ. ಆದರೆ ಒಂದು ಊರು ಮೈಗೆ ಹತ್ತುವುದು ಈ ಎರಡು ಬೇಲಿಗಳನ್ನು ದಾಟಿದಾಗಲೇ. ಸಂಜೆ ಒಬ್ಬನೇ ಅಂಗಡಿ ಕಟ್ಟೆಯ ಮೇಲೆ ಕೂತು ಅರ್ಧ ತಿಳಿದ, ಅರ್ಧ ತಿಳಿಯದ ಹರಟೆಗೆ ಕಿವಿಗೊಡಬೇಕು. ಕಳೆದ ಮಳೆಗಾಲದಲ್ಲಿ ಕಂಡ ಮುದುಕಿಯನ್ನು ಈ ಮಳೆಗಾಲದಲ್ಲೂ ಕಾಣಬೇಕು. ಹಾಗಾಗಿ ಎರಡು ವರ್ಷದ ಈ ವ್ಯವಸ್ಥೆಯನ್ನು ಊರಿಗೆ ಸಂದ ಸೇವೆ ಎನ್ನುವುದಕ್ಕಿಂತ ಹುಡುಗನಿಗೆ ಸಿಕ್ಕ ಗುರುಕುಲ ಎನ್ನುವುದು ಸರಿ. ಅವನು ಅಡುಗೆ, ಸಹನೆ, ತಿರಸ್ಕಾರವನ್ನು ನುಂಗಿಕೊಳ್ಳುವ ವಿದ್ಯೆ ಎಲ್ಲ ಕಲಿತು ಗಟ್ಟಿಯಾಗಿ ಮನೆಗೆ ಮರಳುತ್ತಾನೆ. ಊರು ಅವನ ಪಾಟಿ. ಬರೆದು ಕಲಿತದ್ದು ಅವನ ಪಾಲು, ಒರೆಸಿಕೊಂಡ ಪಾಟಿ ಊರಿನ ಪಾಲು.

ಇದನ್ನು ಒರೆಗೆ ಹಚ್ಚಲು ಇತಿಹಾಸ ಒಂದು ಸೊಗಸಾದ ಜೋಡಿಯನ್ನು ಇಟ್ಟಿದೆ. ಮಾರ್ಮನ್ ಪ್ರಚಾರಕರು ಭಾರತಕ್ಕೆ ಮೊದಲು ಬಂದದ್ದು 1850ರ ದಶಕದಲ್ಲಿ. ಕಲ್ಕತ್ತೆಯಲ್ಲಿ ಒಂದು ತಂಡ ಇಳಿಯಿತು, ಹ್ಯೂ ಫಿಂಡ್ಲೆ ಎಂಬಾತ ಮುಂಬಯಿ ಮತ್ತು ಪುಣೆಗಳಲ್ಲಿ ಕೆಲಸ ಮಾಡಿದ. ಸಿಕ್ಕ ಕೇಳುಗರಲ್ಲಿ ಹೆಚ್ಚಿನವರು ದಂಡಿನ ಸಿಪಾಯಿಗಳು ಮತ್ತು ಯುರೋಪಿಯನ್ನರು. ಹೊಸ ಪಂಥದವರನ್ನು ದಂಡುಪ್ರದೇಶದೊಳಗೆ ಬಿಟ್ಟುಕೊಳ್ಳಲು ಅಧಿಕಾರಿಗಳಿಗೆ ಮನಸ್ಸಿರಲಿಲ್ಲ. 1856ರ ಹೊತ್ತಿಗೆ ಬಂದವರೆಲ್ಲ ಮರಳಿದ್ದರು. ಅದೇ ಅವಧಿಯಲ್ಲಿ, 1853ರಲ್ಲಿ, ಬಾಸೆಲ್ ಮಿಷನ್ನಿನಿಂದ ಇಪ್ಪತ್ತೊಂದರ ಹರೆಯದ ಇನ್ನೊಬ್ಬ ಹುಡುಗ ಕನ್ನಡ ನಾಡಿಗೆ ಬಂದ. ಹೆಸರು ಫರ್ಡಿನಾಂಡ್ ಕಿಟೆಲ್. ಅವನಿಗೂ ಎರಡು ವರ್ಷದ ಗಡುವು ಇದ್ದಿದ್ದರೆ 1855ಕ್ಕೆ ಹಡಗು ಹತ್ತಬೇಕಿತ್ತು. ಅವನು ಉಳಿದ. ಕೇಶಿರಾಜನ ವ್ಯಾಕರಣ ‘ಶಬ್ದಮಣಿದರ್ಪಣ’ 1872ರಲ್ಲಿ, ‘ಛಂದೋಂಬುಧಿ’ 1875ರಲ್ಲಿ ಅವನ ಸಂಪಾದನೆಯಲ್ಲಿ ಹೊರಬಂದವು. ಸುಮಾರು 70,000 ಪದಗಳ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ, ಬಂದ ನಲವತ್ತೊಂದನೇ ವರ್ಷಕ್ಕೆ. ಉಳಿದವರೆಲ್ಲ ಕಿಟೆಲ್ ಆಗಲಿಲ್ಲ, ನಿಜ. ಮೂವತ್ತು ವರ್ಷ ಇದ್ದೂ ಒಂದು ಪುಟದ ನೆನಪನ್ನೂ ಬಿಡದೆ ಹೋದ ಪಾದ್ರಿಗಳು ಎಷ್ಟೋ. ಉಳಿದ ಮಾತ್ರಕ್ಕೆ ಫಲ ಬಂದೇ ಬರುತ್ತದೆಂಬ ಖಾತ್ರಿಯಿಲ್ಲ. ಉಳಿಯದಿದ್ದರೆ ಬಾರದು ಎಂಬುದು ಮಾತ್ರ ಖಾತ್ರಿ.

ಕ್ಯಾಂಪಿನ ಕಥೆಯೂ ಇದೇ ಜಾಡಿನದು. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದದ್ದು 1820ರಲ್ಲಿ, ಕೋಟೆ ಬಿದ್ದ ಎರಡೇ ವರ್ಷಕ್ಕೆ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ 1810ರಿಂದಲೇ ಕನ್ನಡ ಕಲಿಯುತ್ತ ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸ ಹಚ್ಚಿದ್ದರು. ವಿಲಿಯಂ ರೀವ್ ನಿಘಂಟು ಕಟ್ಟುತ್ತಿದ್ದರು. ಟೇಲರ್, ಅವರ ಬೆನ್ನಿಗೆ ಬಂದ ವಿಲಿಯಂ ಬೆನನ್ ಇಬ್ಬರೂ ಇಲ್ಲಿ ದಶಕಗಟ್ಟಲೆ ಇದ್ದರು. ಬೆಳಗಾವಿಯಲ್ಲಿ ಒಂದೇ ಭಾಷೆ ಸಾಲದು. ಸಂತೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕ್ಯಾಂಪಿನ ಓಣಿಗಳಲ್ಲಿ ದಖನಿ, ಖಾನಾಪುರದ ಹಾದಿ ಹಿಡಿದರೆ ಕೊಂಕಣಿಯೂ ಕಿವಿಗೆ ಬೀಳುತ್ತದೆ. ಇಂಥ ಊರಿನಲ್ಲಿ ಒಂದು ಶಾಲೆ ನಿಲ್ಲಿಸಬೇಕಾದರೆ ಕಲಿಸಲು ಬಂದವನು ಮೊದಲು ಎರಡು ಭಾಷೆಗಳ ವಿದ್ಯಾರ್ಥಿಯಾಗಬೇಕು. ಲಂಡನ್ ಮಿಷನ್ 1904ರಲ್ಲಿ ಇಲ್ಲಿನ ಕೆಲಸವನ್ನು ಮೆಥಡಿಸ್ಟರಿಗೆ ಒಪ್ಪಿಸಿ ಹೋಯಿತು. ಸಂಸ್ಥೆಯ ಹೆಸರೇ ಬದಲಾದರೂ ಶಾಲೆ ಉಳಿಯಿತು. ಎಲ್ಲ ಮತದ ಮಕ್ಕಳೂ ಅಲ್ಲಿ ಓದಿದರು, ಯಾರ ಮಿಷನ್ ಎಂಬುದನ್ನು ಊರು ಬಹುಪಾಲು ಮರೆತೇಬಿಟ್ಟಿತು.

ಉಳಿಯುವುದರ ಇನ್ನೊಂದು ಪರಿಣಾಮ ಭಾಷೆಗಿಂತ ದೊಡ್ಡದು: ಉಳಿದವನು ತನ್ನ ಮಾತಿಗೆ ಹೊಣೆಗಾರನಾಗುತ್ತಾನೆ. 1844ರಲ್ಲಿ ಮಂಗಳೂರಿನಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಊರಲ್ಲಿ ದೊಡ್ಡ ಕೋಲಾಹಲವೆದ್ದಿತು. ಮತ ಬದಲಿಸಿದ ಬಡವರ ಪಾಡಂತೂ ಇನ್ನೂ ಕಠಿಣ. ಜಾತಿ ಹೊರಗಿಟ್ಟರೆ ಕುಲಕಸುಬು ಹೋಯಿತು, ಉಳುವ ತುಂಡು ನೆಲವೂ ಹೋಯಿತು. ದೇವರ ಮಾತು ಹೇಳಿದವನ ಮನೆ ಬಾಗಿಲಿಗೇ ಅವರು ಬಂದು ‘ಈಗ ಹೊಟ್ಟೆಗೇನು?’ ಎಂದು ನಿಂತರು. ಮರಳುವ ಹಡಗಿನ ಟಿಕೀಟು ಕಿಸೆಯಲ್ಲಿದ್ದವನು ಈ ಪ್ರಶ್ನೆಯಿಂದ ನುಣುಚಿಕೊಳ್ಳಬಹುದಿತ್ತು. ಬಾಸೆಲ್ಲಿನವರು ನುಣುಚಿಕೊಳ್ಳಲಿಲ್ಲ, ನೇಯ್ಗೆ ಶಾಲೆ ತೆರೆದರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಹೆಂಚಿನ ಕಾರ್ಖಾನೆ ಶುರುಮಾಡಿದರು. ಆ ಹೆಂಚನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಮೇಲೆ ನೀರು ಹರಿಯಲು ತೋಡು, ಅಂಚಿನಲ್ಲಿ ಪಕ್ಕದ ಹೆಂಚು ಬಂದು ಕೂರುವ ಕಚ್ಚು, ಅಡಿಯಲ್ಲಿ ರೀಪಿಗೆ ಸಿಕ್ಕಿಕೊಳ್ಳುವ ಪುಟ್ಟ ಮೂಗು. ಗಾಳಿಮಳೆಗೂ ಜಗ್ಗದಂತೆ ಒಂದನ್ನೊಂದು ಹಿಡಿದು ನಿಲ್ಲುವ ಜಾಣ್ಮೆ ಅದರದು. ಪಶ್ಚಿಮ ಘಟ್ಟದ ಅಂಚಿನ ಖಾನಾಪುರದಲ್ಲಿ ಮಣ್ಣೂ ಚೆನ್ನು, ಮಳೆಯೂ ಧಾರಾಳ. ಅಲ್ಲಿಯೂ ಇದೇ ಮಾದರಿಯ ಹೆಂಚಿನ ಕಾರ್ಖಾನೆಗಳು ಎದ್ದವು, ತಾಲೂಕಿಗೆ ಹೆಂಚಿನ ಹೆಸರು ಬಂತು. ಬಾಸೆಲ್ ಮಿಷನ್ ಮಂಗಳೂರಿಗೆ ಕಾಲಿಟ್ಟದ್ದು 1834ರಲ್ಲಿ. ಹೆಂಚು ಸುಡುವ ಹೊತ್ತಿಗೆ ಮೂವತ್ತೊಂದು ವರ್ಷ ಆಗಿತ್ತು. ಎರಡು ವರ್ಷದ ತರುಣನಿಗೆ ಈ ಲೆಕ್ಕ ಕಾಣುವುದೇ ಇಲ್ಲ. ಅವನ ಮಾತು ಕೇಳಿ ಯಾರದೋ ಮನೆ ಒಡೆದರೆ, ಆ ಹೊತ್ತಿಗೆ ಅವನು ಕಾಲೇಜಿನ ಬೆಂಚಿಗೆ ಮರಳಿರುತ್ತಾನೆ.

ಇಲ್ಲಿ ಬಲವಾದ ಆಕ್ಷೇಪವೊಂದಿದೆ. ಉಳಿದವರು ಸಾಮ್ರಾಜ್ಯದ ನೆರಳಲ್ಲಿ ಉಳಿದವರಲ್ಲವೇ? ಅವರು ಕಲಿತ ಕನ್ನಡ ಮತಾಂತರದ ಉಪಕರಣವಲ್ಲವೇ? ಅಲ್ಲ ಎನ್ನುವಂತಿಲ್ಲ. ಟೇಲರ್ ಬಂದದ್ದು ದಂಡಿನ ಬೆನ್ನಿಗೇ. ಈಸ್ಟ್ ಇಂಡಿಯಾ ಕಂಪನಿಯ ಸೀಮೆಯಲ್ಲಿ ಮಿಷನರಿಗಳಿಗೆ ಬಾಗಿಲು ತೆರೆದದ್ದು 1813ರ ಸನದು. ನಿಘಂಟಿನ ಮೊದಲ ಉದ್ದೇಶವೂ ಧರ್ಮಬೋಧೆಯೇ. ಅದಲ್ಲದೆ ಎರಡು ವರ್ಷದವನಿಗಿಂತ ನಲವತ್ತು ವರ್ಷದವನ ಪ್ರಭಾವ ಆಳವಾದದ್ದು, ಆದ್ದರಿಂದ ಅವನ ಬಗೆಗಿನ ಅಂಜಿಕೆಯನ್ನು ಬರೀ ಭ್ರಮೆ ಎಂದು ತಳ್ಳಿಹಾಕಲಾಗದು. ಕರ್ನಾಟಕದ ಮತಾಂತರ ನಿಯಂತ್ರಣ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟದ್ದೂ 2021ರ ಡಿಸೆಂಬರಿನಲ್ಲಿ, ಇದೇ ಬೆಳಗಾವಿಯ ಸುವರ್ಣಸೌಧದಲ್ಲಿ. ಆದರೆ ಉದ್ದೇಶ ಬೇರೆ, ಫಲ ಬೇರೆ. ದೀರ್ಘಕಾಲದ ವಾಸ ಉದ್ದೇಶವನ್ನು ಹಾಗೆಯೇ ಇರಗೊಡುವುದಿಲ್ಲ, ಊರು ಅದನ್ನು ತಿದ್ದುತ್ತದೆ. ಬೈಬಲ್ಲಿಗಾಗಿ ಕನ್ನಡ ಕಲಿತವನು ಕೇಶಿರಾಜನ ವ್ಯಾಕರಣವನ್ನು ಅಚ್ಚು ಹಾಕಿಸುವುದಕ್ಕೆ ಬಂದು ನಿಂತದ್ದು ಈ ತಿದ್ದುವಿಕೆಯಿಂದಲೇ. ಇನ್ನು ಅಂಜಿಕೆಯ ಮಾತು: ಮೂವತ್ತು ವರ್ಷ ಕಣ್ಣೆದುರು ಇದ್ದವನೊಂದಿಗೆ ಜಗಳವಾಡಬಹುದು, ಅವನನ್ನು ಪ್ರಶ್ನಿಸಬಹುದು, ಲೆಕ್ಕ ಕೇಳಬಹುದು. ಬಂದುಹೋದವನಿಂದ ಏನು ಕೇಳುವುದು?

ಎರಡನೆಯ ಆಕ್ಷೇಪ ಮಾರ್ಮನ್ನರ ಕಡೆಯಿಂದ ಬರಬಹುದು: ಹುಡುಗರು ಬದಲಾದರೇನು, ಸಂಸ್ಥೆ ಉಳಿಯುತ್ತದಲ್ಲ? ಬೆಂಗಳೂರಿನಲ್ಲಿ 1993ರಿಂದ ಅವರ ಮಿಷನ್ ಕಚೇರಿಯಿದೆ, 2018ರಲ್ಲಿ ಅಲ್ಲಿಗೊಂದು ದೇವಾಲಯವನ್ನೂ ಘೋಷಿಸಲಾಯಿತು. ಧರ್ಮಪ್ರಚಾರಕ್ಕೆ ಬರುವ ವಿದೇಶೀಯರಿಗೆ ಭಾರತ ಪ್ರತ್ಯೇಕ ವೀಸಾ ಕೇಳುವುದರಿಂದ ಇಲ್ಲಿ ಭಾರತೀಯ ತರುಣರೇ ಹೆಚ್ಚಾಗಿ ಈ ಕೆಲಸಕ್ಕೆ ಇಳಿದಿದ್ದಾರೆ. ಇದೆಲ್ಲ ಸರಿಯೇ, ಆದರೆ ಇದು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ಹೊಣೆ ಹೊರುವವರು ಇಲ್ಲೇ ಇರುವ ಮನೆಗಳವರು. ಬಂದುಹೋಗುವ ಹುಡುಗ ಅತಿಥಿ. ಮೂರನೆಯದು ನಮ್ಮೊಳಗಿನಿಂದಲೇ ಏಳುವ ಆಕ್ಷೇಪ: ಈ ನಾಡು ನಿಂತವನಿಗಿಂತ ನಡೆಯುವವನನ್ನೇ ದೊಡ್ಡವನೆಂದಿತಲ್ಲ? ಜಂಗಮ ಒಂದೂರಲ್ಲಿ ನಿಲ್ಲಲಿಲ್ಲ, ದಾಸರು ನಿಲ್ಲಲಿಲ್ಲ, ಜೈನ ಮುನಿಗಳು ನಿಲ್ಲುವುದು ಮಳೆಗಾಲದ ಚಾತುರ್ಮಾಸಕ್ಕೆ ಮಾತ್ರ. ಒಪ್ಪೋಣ. ಆದರೆ ಜಂಗಮ ನಡೆದದ್ದು ತನ್ನ ಭಾಷೆಯೊಳಗೆ. ಹಾಗೂ ಅವನ ಹೊಟ್ಟೆ ಇದ್ದದ್ದು ಮನೆಯೊಡತಿಯ ಕೈಯಲ್ಲಿ. ಜೋಳಿಗೆ ಒಡ್ಡಿದವನು ಬೋಧಿಸುವುದಕ್ಕೆ ಮೊದಲು ಬೇಡಬೇಕಿತ್ತು. ತಿಂಗಳ ಖರ್ಚು ದೂರದೇಶದ ಖಾತೆಯಿಂದ ಬರುವವನಿಗೆ ಊರಿನ ಹಂಗಿಲ್ಲ. ಹಂಗಿಲ್ಲದ ಕಡೆ ನಂಟು ಕೂಡುವುದು ನಿಧಾನ.

ಈ ಅಳತೆಗೋಲನ್ನು ಪರದೇಶದವರಿಗೆ ಮಾತ್ರ ಹಿಡಿದರೆ ಅನ್ಯಾಯವಾದೀತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಬೆಳಗಾವಿಯಲ್ಲೇ ಇದೆ. ಅದರ ಪದವಿ ಹಿಡಿದ ಹುಡುಗರು ‘ಆನ್‌ಸೈಟ್’ ಎಂದು ಜರ್ಮನಿಗೋ ಜಪಾನಿಗೋ ಎರಡು ವರ್ಷ ಹೋಗುತ್ತಾರೆ. ಅವರಲ್ಲಿ ಎಷ್ಟೋ ಮಂದಿ ನಮ್ಮವರ ಜೊತೆಯಲ್ಲೇ ಬಾಡಿಗೆ ಮನೆ ಹಂಚಿಕೊಂಡು, ಕೆಲಸಕ್ಕೆ ಇಂಗ್ಲಿಷು ಸಾಕೆಂದು, ಆ ನೆಲದ ನಾಲ್ಕು ಮಾತನ್ನೂ ಕಲಿಯದೆ ಮರಳುತ್ತಾರೆ. ಅವರ ಕೊರಳಿನ ಕಂಪನಿ ಪಟ್ಟಿಗೂ ಎಲ್ಡರನ ಎದೆಯ ಪಟ್ಟಿಗೂ ಬಹಳ ವ್ಯತ್ಯಾಸವಿಲ್ಲ. ಇಬ್ಬರೂ ಬೀಡು ಬಿಟ್ಟವರೇ. ಅದು ತಪ್ಪಲ್ಲ, ಅದನ್ನು ನೆಲೆವೀಡೆಂದು ಕರೆದರೆ ಮಾತ್ರ ತಪ್ಪು. ಪರಊರಿನವ ಮನೆಗೆ ಬಂದರೆ ನೀರು ಕೊಟ್ಟ ಮೇಲೆ ಬೆಳಗಾವಿಯವರು ಮೊದಲು ಕೇಳುವುದು ಅವನ ದೇವರ ಹೆಸರನ್ನಲ್ಲ. “ಎಷ್ಟ್ ದಿನಾ ಇರ್ತೀರಿ?” ಎಂದು ಕೇಳುತ್ತಾರೆ. ಉಪಚಾರಕ್ಕೆ ಕೇಳಿದಂತೆ ಕಂಡರೂ, ಕ್ಯಾಂಪು ಕಂಡುಕೊಂಡ ಇನ್ನೂರು ವರ್ಷದ ಅನುಭವವೆಲ್ಲ ಆ ಪ್ರಶ್ನೆಯಲ್ಲಿದೆ.