ಅರಗಿನ ಮಿರುಗು ತೊಟ್ಟ ಪುಟ್ಟ ದಂಡು

ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿಯಲ್ಲಿ ಅಂಬೆಗಾಲು ಕೃಷ್ಣನಿಗೆ ಒಪ್ಪಿಸುವ ಹರಕೆಯೆಂದರೆ ತೊಟ್ಟಿಲು. ಮಕ್ಕಳಾಗಲೆಂದು ಬೇಡಿಕೊಂಡವರು ಪುಟ್ಟದೊಂದು ಮರದ ತೊಟ್ಟಿಲು ತಂದು ಕೈಮುಗಿಯುತ್ತಾರೆ. ಕೂಸು ಹುಟ್ಟಿ ಬೆಳೆದು ಆಟಕ್ಕೆ ಕೂರುವ ಹೊತ್ತಿಗೆ ಬೇಕಾಗುವ ಬುಗುರಿ, ಗಿಲಕಿ, ರಾಜ-ರಾಣಿ, ಸಿಪಾಯಿಗಳೆಲ್ಲ ಪಕ್ಕದ ಚನ್ನಪಟ್ಟಣದಲ್ಲೇ ತಯಾರಾಗುತ್ತವೆ.

ಆ ಸಿಪಾಯಿಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಕೆಂಪು ಅಂಗಿ, ಕಪ್ಪು ಟೋಪಿ, ಸೊಂಟಕ್ಕೊಂದು ಹಳದಿ ಪಟ್ಟಿ. ಕಣ್ಣೆಂದರೆ ಎರಡು ಚುಕ್ಕೆ, ಮೀಸೆಯೆಂದರೆ ಒಂದು ಗೆರೆ. ತಲೆ, ಎದೆ, ಟೋಪಿ ಎಲ್ಲವೂ ದುಂಡು. ಲೇತಿನಲ್ಲಿ ತಿರುಗುವ ಮರದಿಂದ ದುಂಡಲ್ಲದೆ ಬೇರೆ ಆಕಾರ ಹೊರಡುವುದಿಲ್ಲ. ಆ ದುಂಡಿನೊಳಗೇ ಸಿಪಾಯಿಯನ್ನು ಕಾಣಿಸುವುದು ಇಲ್ಲಿನವರ ಕೈಚಳಕ.

ಇದಕ್ಕೆ ಒದಗಿಬಂದದ್ದು ಆಲೆ ಮರ. ದಂತದಂತೆ ಬೆಳ್ಳಗಿನ, ನಯವಾದ, ಉಳಿಗೆ ಹದವಾಗಿ ಒಗ್ಗುವ ಮರ. ಎರಡು-ಮೂರು ತಿಂಗಳು ಒಣಗಿಸಿ, ತುಂಡು ಮಾಡಿ, ಲೇತಿಗೆ ಸಿಕ್ಕಿಸುತ್ತಾರೆ. ಹಿಂದೆ ಬಿಲ್ಲಿನ ದಾರ ಎಳೆದು ತಿರುಗಿಸುತ್ತಿದ್ದರು. ಈಗ ಹೆಚ್ಚಿನ ಕಡೆ ಮೋಟಾರು ಬಂದಿದೆ. ಉಳಿ ತಾಗಿದೊಡನೆ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರುತ್ತದೆ. ಕುತ್ತಿಗೆ ಸಣ್ಣಗಾಗುತ್ತದೆ, ಭುಜ ಮೂಡುತ್ತದೆ, ಟೋಪಿಯ ಅಂಚು ಎದ್ದು ನಿಲ್ಲುತ್ತದೆ.

ಇನ್ನು ಬಣ್ಣದ ಸರದಿ. ನಾವು ತಿಳಿದಿರುವ ಹಾಗೆ ಕುಂಚ ಅದ್ದಿ ಬಳಿಯುವ ಬಣ್ಣವಲ್ಲ ಇದು, ಅರಗಿನ ಬಣ್ಣ. ಮುತ್ತುಗ, ಸಾಗಡೆಯಂಥ ಮರಗಳ ಮೇಲೆ ಅರಗಿನ ಹುಳು ಸ್ರವಿಸುವ ಅಂಟೇ ಅರಗು. ಅದನ್ನು ಕಾಯಿಸಿ, ಬಣ್ಣ ಬೆರೆಸಿ, ಎಳೆದು, ನಾದಿ ಕಡ್ಡಿ ಮಾಡಿಟ್ಟುಕೊಳ್ಳುತ್ತಾರೆ. ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡದ ಬಣ್ಣ ಹೀಗೆ ಸಸ್ಯಮೂಲದ ಬಣ್ಣಗಳು ಇಲ್ಲಿನ ಹೆಗ್ಗಳಿಕೆ. ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ ಎಂಬುದನ್ನು ಬಲ್ಲವರ ಆಯ್ಕೆ ಇದು. ಗಿರ್ರನೆ ತಿರುಗುವ ಮರಕ್ಕೆ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಗಿನ್ನೂ ಅದು ಗಂಟುಗಂಟಾಗಿ, ಮಂಕಾಗಿ ಇರುತ್ತದೆ. ಆಮೇಲೆ ತಾಳೆಗರಿಯ ತುಂಡೊಂದನ್ನು ಅದರ ಮೇಲೆ ಒತ್ತಿ ಹಿಡಿಯುತ್ತಾರೆ. ಗರಿ ಹಾದುಹೋದಲ್ಲೆಲ್ಲ ಅರಗು ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಮೇಲೆ ವಾರ್ನಿಷ್ ಬೇಕಿಲ್ಲ. ಬಣ್ಣ, ಹೊಳಪು ಎರಡೂ ಒಂದೇ ಬಿಸಿಯಲ್ಲಿ ಹುಟ್ಟುತ್ತವೆ. ಕುಂಚಕ್ಕೆ ಉಳಿಯುವುದು ಕಣ್ಣು, ಮೀಸೆ ಮಾತ್ರ.

ಹೊಳೆಯುವ ಸಿಪಾಯಿಯ ಮೇಲಿನ ಮೋಹ ಬೇರೆ ನಾಡುಗಳಲ್ಲೂ ಉಂಟು. ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿ 1893ರಲ್ಲಿ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಎರಕ ಹೊಯ್ದು, ಮಿರುಗುವ ಎನಾಮಲ್ ಬಣ್ಣ ಹಚ್ಚಿ ಮಾರಲು ತೊಡಗಿತು. ಟೊಳ್ಳಾದ್ದರಿಂದ ಸೀಸ ಉಳಿಯಿತು, ಬೆಲೆ ಇಳಿಯಿತು, ದಂಡು ಮನೆಮನೆಗೆ ನುಗ್ಗಿತು. ಕಾದಂಬರಿಕಾರ ಎಚ್.ಜಿ. ವೆಲ್ಸ್ ಇಂಥ ಸೈನಿಕರನ್ನಿಟ್ಟು ಆಡುವ ಯುದ್ಧದಾಟದ ನಿಯಮಗಳನ್ನು 1913ರಲ್ಲಿ ಪುಸ್ತಕವಾಗಿಯೇ ತಂದರು. ಇಂದು ಅಲ್ಲಿನ ಹವ್ಯಾಸಿಗಳು ರಾಕ್ಷಸರು, ಕುಬ್ಜರು, ಮಂತ್ರವಾದಿಗಳ ಪುಟ್ಟ ಗೊಂಬೆಗಳಿಗೆ ಬಣ್ಣ ಹಚ್ಚಿ ಸೇನೆ ಕಟ್ಟುತ್ತಾರೆ. ಹಳೆಯ ಅಗ್ಗದ ಗೊಂಬೆಗಳಿಗೆ ನೆರಳು-ಬೆಳಕಿನ ಗೋಜಿಲ್ಲದೆ ಅಚ್ಚ ಬಣ್ಣ ತುಂಬಿ, ವಾರ್ನಿಷ್ ಹಚ್ಚಿ ಮಿರುಗಿಸುವವರೂ ಅವರಲ್ಲಿದ್ದಾರೆ. ಅವರು ಕುಂಚ ಹಿಡಿದು ಅರಸುವ ಮಿರುಗು ನಮ್ಮಲ್ಲಿ ತಾಳೆಗರಿಯ ತುದಿಯಲ್ಲಿದೆ.

ಪರ್ಷಿಯಾದ ಕುಶಲಕರ್ಮಿಗಳನ್ನು ಟಿಪ್ಪು ಸುಲ್ತಾನ್ ಕರೆಸಿದ್ದರಿಂದ ಈ ಕಸುಬು ಚನ್ನಪಟ್ಟಣಕ್ಕೆ ಬಂತೆಂಬುದು ಜನಜನಿತ ಮಾತು. ಜಪಾನಿನ ಆಟಿಕೆಗಳ ತಂತ್ರವನ್ನು ಇಲ್ಲಿನ ಕೈಗಳಿಗೆ ದಾಟಿಸಿದ ಬಾವಾಸ್ ಮಿಯಾನರನ್ನು ಊರು ಈ ಕಸುಬಿನ ಪಿತಾಮಹ ಎಂದು ನೆನೆಯುತ್ತದೆ. 2005-06ರಲ್ಲಿ ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು.

ಮಾನ್ಯತೆ ಸಿಕ್ಕಿತೆಂದು ಬದುಕು ಹಗುರಾಗಲಿಲ್ಲ. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಪೈಪೋಟಿ ಮೊದಲಿನಿಂದಲೂ ಇತ್ತು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅದು ಊರನ್ನು ಬಳಸಿಕೊಂಡು ಹೋಗುತ್ತದೆ. ಹಳೆಯ ರಸ್ತೆಯಲ್ಲಿ ಕಾರು ನಿಲ್ಲಿಸಿ, ಮಕ್ಕಳ ಕೈಹಿಡಿದು ಅಂಗಡಿಗೆ ಇಳಿಯುತ್ತಿದ್ದವರು ಈಗ ನೇರವಾಗಿ ಹೊರಟುಬಿಡುತ್ತಾರೆ. ಗೊಂಬೆ ಅಂಗಡಿಗಳಿಗೆ ಇದು ದೊಡ್ಡ ಪೆಟ್ಟು.

ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತೇವೆ. ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳು, ಕೆಳಗಿನ ಮೆಟ್ಟಿಲಿನಲ್ಲಿ ಈ ಸಿಪಾಯಿಗಳ ಸಾಲು. ಹೋದ ಸಲ ಒಬ್ಬ ಸಿಪಾಯಿಯ ಮೀಸೆ ಅಳಿಸಿಹೋಗಿತ್ತು. ಮಗಳು ಕುಂಚ ಹಿಡಿದು ಕುಳಿತು, ಮೀಸೆ ತಿದ್ದುವ ಬದಲು ಬಾಯಿಯ ಎರಡೂ ಕಡೆ ಕೋರೆಹಲ್ಲು ಬರೆದಳು. "ಅಪ್ಪಾ, ಇವನು ರಾವಣನ ಕಡೆಯವನು" ಎಂದಳು. ಮಾರನೆಯ ದಿನ ಇನ್ನೂ ಮೂವರಿಗೆ ಕೋರೆ ಬಂದವು. ಎದುರು ಸಾಲಿನವರು ರಾಮನ ಕಡೆಯವರಾದರು. ಎರಡು ಚುಕ್ಕೆ, ಒಂದು ಗೆರೆಯಷ್ಟೇ ಬರೆದು ಉಳಿದದ್ದನ್ನು ಖಾಲಿ ಬಿಟ್ಟಿದ್ದರಿಂದಲ್ಲವೇ ಅವಳಿಗೆ ಅಲ್ಲೊಂದು ಯುದ್ಧಕಾಂಡ ಹೂಡಲು ಜಾಗ ಸಿಕ್ಕಿದ್ದು!

ಈ ಸಲ ಹಬ್ಬಕ್ಕೆ ಮೊದಲು ಹಳೆಯ ರಸ್ತೆಯಲ್ಲೇ ಹೋಗಬೇಕೆಂದಿದ್ದೇವೆ. ದೊಡ್ಡಮಳೂರಿನಲ್ಲಿ ಕೃಷ್ಣನಿಗೆ ಕೈಮುಗಿದು, ಚನ್ನಪಟ್ಟಣದಲ್ಲಿ ಇಳಿಯುವುದು. ಅವಳ ಪಟ್ಟಿ ಆಗಲೇ ಸಿದ್ಧವಿದೆ: ರಾವಣನ ಕಡೆಗೆ ಇನ್ನೂ ಆರು ಜನ ಬೇಕಂತೆ.