ಟೆಸ್ಟ್ ಡ್ರೈವ್‌ಗೆ ಒಬ್ರೇ ಹೋಗ್ಬೇಡಿ, ಮನೆಯವರನ್ನೆಲ್ಲ ಹತ್ತಿಸ್ಕೊಂಡು ಹೋಗಿ: ಆಗುಂಬೆ ಘಾಟಿಯಲ್ಲಿ ಸ್ವಿಫ್ಟ್ ಓಡಿಸಿದಾಗ ಗೊತ್ತಾಗಿದ್ದು

ತೀರ್ಥಹಳ್ಳಿ: ನಮ್ಮ ಮಾವನದ್ದು ಕಿರಾಣಿ ಅಂಗಡಿ. ಹದಿನೈದು ವರ್ಷದಿಂದ ಇರೋದು ಒಂದೇ ಓಮ್ನಿ. ಅಕ್ಕಿ ಮೂಟೆನೂ ಅದರಲ್ಲೇ, ಮದುವೆಗೆ ಹೋಗೋದೂ ಅದರಲ್ಲೇ. ಈಗ ಮಗ ಹಟ ಹಿಡಿದಿದ್ದಾನೆ, ಸ್ವಿಫ್ಟೇ ಬೇಕಂತೆ. 'ನೀನೇ ಓಡಿಸಿ ನೋಡಿ ಹೇಳು ಮಾರಾಯ, ಇವನ ಮಾತು ನಂಬಕ್ಕಾಗಲ್ಲ' ಅಂತ ಮಾವ ನನ್ನನ್ನು ಕರೆದರು. ಡಿಗ್ರಿ ಮುಗಿಸದೇ ಇದ್ರೂ ಗಾಡಿ ಓಡಿಸೋದು ಗೊತ್ತು ಅನ್ನೋ ಒಂದು ಮರ್ಯಾದೆ ಮನೆಯಲ್ಲಿ ಉಳಿದಿದೆ.

ಶಿವಮೊಗ್ಗದ ಶೋರೂಂ ಒಂದರ ಹುಡುಗ ಕಾರನ್ನು ಅಂಗಡಿ ಬಾಗಿಲಿಗೇ ತಂದ. ಮೊದಲ ರೌಂಡ್‌ನಲ್ಲಿ ನಾನು, ಅವನು ಇಬ್ಬರೇ. ತುಂಗಾ ಸೇತುವೆ ದಾಟಿ ವಾಪಸ್, ಐದಾರು ಕಿಲೋಮೀಟರ್ ಇರಬಹುದು. ಸುಳ್ಳು ಯಾಕೆ ಹೇಳಲಿ, ಇಳಿಯೋಕೇ ಮನಸ್ಸಾಗಲಿಲ್ಲ. ಸ್ಟೀರಿಂಗ್ ಹಗುರ, ತಿರುಗಿಸಿದ ತಕ್ಷಣ ಮೂತಿ ತಿರುಗುತ್ತೆ, ಗೇರು ಬೆಣ್ಣೆ ಹಾಗೆ ಬೀಳುತ್ತೆ.

ಈ ಮಜಾ ಎಲ್ಲಿಂದ ಬರುತ್ತೆ ಅಂದ್ರೆ ತೂಕದಿಂದ. 2024ರ ಮೇ ತಿಂಗಳಲ್ಲಿ ಬಂದ ಈ ಹೊಸ ಸ್ವಿಫ್ಟ್‌ನಲ್ಲಿ 1.2 ಲೀಟರಿನ ಮೂರು ಸಿಲಿಂಡರ್ ಪೆಟ್ರೋಲ್ ಇಂಜಿನ್ ಇದೆ, ಶಕ್ತಿ ಸುಮಾರು 82 ಪಿಎಸ್. ಹಿಂದಿನ ಮಾಡೆಲ್‌ನಲ್ಲಿ ನಾಲ್ಕು ಸಿಲಿಂಡರ್, 90 ಪಿಎಸ್ ಹತ್ತಿರ ಇತ್ತು. ಅಂದ್ರೆ ಕಾಗದದ ಮೇಲೆ ಶಕ್ತಿ ಇಳಿದಿದೆ. ಆದ್ರೆ ಕಾರಿನ ತೂಕ ಸುಮಾರು 920 ಕೆ.ಜಿ. ಅಷ್ಟೇ. ಟನ್ನಿಗೆ ಲೆಕ್ಕ ಹಾಕಿದ್ರೆ 89 ಪಿಎಸ್ ಬೀಳುತ್ತೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2,450 ಮಿ.ಮೀ. ಮಾತ್ರ ಅಂತರ, ಹಾಗಾಗಿ ತಿರುವಿನಲ್ಲಿ ಚುರುಕು.

ಮೋಸ ಹೋಗೋದು ಇಲ್ಲೇ. ಮನೆಯಲ್ಲಿ ಯಾವಾಗಲಾದ್ರೂ ಇಬ್ಬರೇ ಹೋಗ್ತೀವಾ? ಐದು ಜನ ಕೂತರೆ ಸುಮಾರು 350 ಕೆ.ಜಿ., ಕಾರಿನ ತೂಕದ ಮೂರನೇ ಒಂದು ಪಾಲಿಗಿಂತ ಹೆಚ್ಚು. ಆಗ ಅದೇ ಇಂಜಿನ್ 1,270 ಕೆ.ಜಿ. ಎಳೀಬೇಕು, ಟನ್ನಿಗೆ ಉಳಿಯೋದು 64 ಪಿಎಸ್ ಚಿಲ್ಲರೆ. ದೊಡ್ಡ ಭಾರದ ಕಾರಿಗೆ ಐದು ಜನ ಹತ್ತಿದ್ರೆ ಇಷ್ಟು ವ್ಯತ್ಯಾಸ ಆಗಲ್ಲ, ಸಣ್ಣ ಕಾರಿಗೆ ಆಗುತ್ತೆ.

ಅದಕ್ಕೇ ಮಾವನಿಗೆ ಹೇಳಿದೆ, ಎಲ್ಲರೂ ಹತ್ತಿ, ಆಗುಂಬೆ ಘಾಟಿ ಇಳಿದು ಹತ್ತಿ ನೋಡೋಣ ಅಂತ. ಶೋರೂಂ ಹುಡುಗ 'ಅಷ್ಟು ದೂರ ಪರ್ಮಿಷನ್ ಇಲ್ಲ ಸರ್' ಅಂದ. ಮಾವ ಬಿಡ್ತಾರಾ? 'ಲಕ್ಷಗಟ್ಟಲೆ ಕೊಡೋನು ನಾನು, ನೀನು ನಾಲ್ಕು ಲೀಟರ್ ಪೆಟ್ರೋಲ್ ಕೊಡಲ್ವ? ಪೆಟ್ರೋಲ್ ನಾನೇ ಹಾಕಿಸ್ತೀನಿ ಬಾ.' ಮ್ಯಾನೇಜರ್‌ಗೆ ಫೋನ್ ಹೋಯ್ತು, ಒಪ್ಪಿಗೆ ಸಿಕ್ತು. ಕೇಳಿದ್ರೆ ಕೊಡ್ತಾರೆ, ನಾವು ಕೇಳೋದಿಲ್ಲ ಅಷ್ಟೇ. ಡಿಎಲ್ ಮಾತ್ರ ಜೇಬಲ್ಲಿರಲಿ. ಕಾರಿಗೆ ಇನ್ಶೂರೆನ್ಸ್ ಇದೆಯಾ, ತಾಗಿದ್ರೆ ಯಾರ ಹೊಣೆ ಅಂತ ಸಹಿ ಹಾಕೋ ಮೊದಲೇ ಕೇಳ್ಕೊಳ್ಳಿ.

ಮಾವ, ಅತ್ತೆ, ಅವರ ಮಗ, ಶೋರೂಂ ಹುಡುಗ, ನಾನು. ಡಿಕ್ಕಿಯಲ್ಲಿ 25 ಕೆ.ಜಿ.ಯ ಎರಡು ಅಕ್ಕಿ ಚೀಲ. ಡಿಕ್ಕಿ 265 ಲೀಟರ್, ಚೀಲ ಕೂತವು. ಓಮ್ನಿ ಲೋಡು ಇದಕ್ಕೆ ಹಾಕ್ತೀನಿ ಅಂದ್ರೆ ಆಗದ ಮಾತು.

ಮೇಗರವಳ್ಳಿ ತನಕ ಏನೂ ಗೊತ್ತಾಗಲಿಲ್ಲ. ದಾರಿಯಲ್ಲಿ ಒಂದು ಹಂಪ್‌ಗೆ ಮಾತ್ರ ಅಡಿಭಾಗ ಕರ್ ಅಂತು. ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ. ಅಂತ ಬರೆದಿರುತ್ತೆ, ಐದು ಜನ ಕೂತಾಗ ಸ್ಪ್ರಿಂಗ್ ಕುಗ್ಗಿ ಅಷ್ಟು ಉಳಿಯಲ್ಲ. ಆ ಹಂಪ್ ಹಾಕಿದವರಿಗೂ ಒಂದು ನಮಸ್ಕಾರ, ಬಣ್ಣನೂ ಇಲ್ಲ, ಬೋರ್ಡೂ ಇಲ್ಲ. ನಿಮ್ಮ ಮನೆ ದಾರಿಯಲ್ಲಿ ಅಂಥ ಹಂಪ್ ಇದ್ರೆ ಟೆಸ್ಟ್ ಡ್ರೈವ್ ದಿನವೇ ದಾಟಿಸಿ ನೋಡಿ.

ಆಗುಂಬೆಯಿಂದ ಸೋಮೇಶ್ವರದ ಕಡೆ 14 ಹೇರ್‌ಪಿನ್ ತಿರುವು. ಇಳಿಯುವಾಗ ಎರಡನೇ ಗೇರಿನಲ್ಲೇ ಇಟ್ಟೆ. ಬ್ರೇಕ್ ಒತ್ತಿಕೊಂಡೇ ಇಳಿದ್ರೆ ಅದು ಕಾದು ಹಿಡಿತ ಕಮ್ಮಿ ಆಗುತ್ತೆ, ಗೇರಿನಲ್ಲಿದ್ರೆ ಇಂಜಿನ್ನೇ ವೇಗ ತಡೆಯುತ್ತೆ. ತಿರುವಿನಲ್ಲಿ ಕಾರು ಹೆಚ್ಚು ವಾಲಲಿಲ್ಲ. ಅತ್ತೆಗೆ ಘಾಟಿ ಅಂದ್ರೆ ವಾಂತಿ, ಆವತ್ತು ಆಗಲಿಲ್ಲ. ನನಗೆ ಇದೇ ದೊಡ್ಡ ಸರ್ಟಿಫಿಕೇಟು.

ಸೋಮೇಶ್ವರದಲ್ಲಿ ಚಹಾ ಕುಡಿದು ವಾಪಸ್ ಹತ್ತುವಾಗ ಕಥೆ ಬದಲಾಯ್ತು. ಈ ಇಂಜಿನ್‌ಗೆ ಪೂರ್ತಿ ಎಳೆತ, ಅಂದ್ರೆ 112 ಎನ್‌ಎಂ ಟಾರ್ಕ್, ಬರೋದು 4,300 ಆರ್‌ಪಿಎಂನಲ್ಲಿ. ಮೂರನೇ ಗೇರಿನಲ್ಲಿ 2,000ದ ಹತ್ತಿರ ಇದ್ದಾಗ ಆಕ್ಸಿಲರೇಟರ್ ಎಷ್ಟು ತುಳಿದರೂ ಉಸಿರು ಬರಲ್ಲ. ಎರಡಕ್ಕೆ ಇಳಿಸಿ, ಸೂಜಿ ಮೇಲೆ ಹೋಗೋಕೆ ಬಿಟ್ರೆ ಸರಾಗ ಹತ್ತುತ್ತೆ, ಸದ್ದೂ ಏರುತ್ತೆ. ಮಗನಿಗೆ ಆ ಸದ್ದೇ ಖುಷಿ. ಮಾವ ಓಮ್ನಿ ಅಭ್ಯಾಸದಲ್ಲಿ 'ಇಂಜಿನ್ ಹಾಳಾಗುತ್ತೆ, ಗೇರ್ ಹಾಕೋ' ಅಂತ ಬೈತಿದ್ದರು. ಹಾಳಾಗಲ್ಲ, ಮೇಲಿನ ಗೇರಿನಲ್ಲಿ ಒದ್ದಾಡಿಸೋದೇ ಇಂಜಿನ್‌ಗೆ ಕೆಟ್ಟದ್ದು.

ಇದೇ ಅಳತೆಯಲ್ಲಿ ಟರ್ಬೊ ಬೇಕು ಅನ್ನೋರಿಗೆ ಹ್ಯುಂಡೈ ಐ20 ಎನ್ ಲೈನ್ ಇದೆ. 1 ಲೀಟರ್ ಇಂಜಿನ್, 120 ಪಿಎಸ್, 172 ಎನ್‌ಎಂ. ಅದರಲ್ಲಿ ಪೂರ್ತಿ ಎಳೆತ 1,500 ಆರ್‌ಪಿಎಂಗೇ ಸಿಗುತ್ತೆ. ಘಾಟಿಗೆ ಅದು ಸುಲಭ, ಜೇಬಿಗೆ ಕಷ್ಟ.

ಇನ್ನೊಂದು, ಕೊನೆಯ ತಿರುವಿನ ಹತ್ತಿರ ರಸ್ತೆ ಖಾಲಿ ಇದ್ದಾಗ ಏರಿನಲ್ಲಿ ನಿಲ್ಲಿಸಿ ಹೊರಡಿಸಿದೆ. ಹಿಲ್ ಹೋಲ್ಡ್ ಇರೋದ್ರಿಂದ ಹಿಂದಕ್ಕೆ ಜಾರಲಿಲ್ಲ. ಇದು, ಆರು ಏರ್‌ಬ್ಯಾಗು, ಇಎಸ್‌ಪಿ ಎಲ್ಲ ಕಡಿಮೆ ಬೆಲೆಯ ಎಲ್‌ಎಕ್ಸ್‌ಐಯಲ್ಲೂ ಬರುತ್ತೆ. ಮೈಲೇಜು ಕಂಪನಿ ಲೆಕ್ಕದಲ್ಲಿ ಮ್ಯಾನ್ಯುಯಲ್‌ಗೆ ಲೀಟರಿಗೆ 24.8 ಕಿ.ಮೀ. ನಮ್ಮ ಘಾಟಿ ಓಡಾಟದಲ್ಲಿ ಅಷ್ಟು ನಿರೀಕ್ಷೆ ಬೇಡ.

ವಾಪಸ್ ಅಂಗಡಿಗೆ ಬಂದಾಗ ಸಂಜೆ ಆಗಿತ್ತು. ಮಾವ ಕ್ಯಾಲ್ಕುಲೇಟರ್ ತೆಗೆದರು. 8 ಲಕ್ಷ ಸಾಲ, ಶೇ. 9 ಬಡ್ಡಿ, 7 ವರ್ಷ ಅಂದ್ರೆ ತಿಂಗಳಿಗೆ ಹತ್ತಿರ ಹತ್ತಿರ 12,900 ರೂಪಾಯಿ, ಒಟ್ಟು ಕಟ್ಟೋದು 10.8 ಲಕ್ಷ. ಅಷ್ಟು ಕಟ್ಟಿಯೂ ಮಾಲು ತರೋಕೆ ಓಮ್ನಿ ಇಟ್ಟುಕೊಳ್ಳಲೇಬೇಕು. ಮಗ ಮುಖ ಸಪ್ಪೆ ಮಾಡಿದ. ಅತ್ತೆ ಮಾತ್ರ ಒಳಗಿಂದ, 'ವಾಂತಿ ಬರದ ಕಾರು ಇದೊಂದೇ, ನೋಡಿ' ಅಂದರು. ಬುಕಿಂಗ್ ಇನ್ನೂ ಆಗಿಲ್ಲ. ಅಡಿಕೆ ರೇಟು ನೋಡ್ಕೊಂಡು ಹೇಳ್ತೀನಿ ಅಂತ ಮಾವ ಶೋರೂಂ ಹುಡುಗನನ್ನು ಕಳಿಸಿದ್ದಾರೆ.